ಒಂಟಿಹೆಗಲ ಗುಡ್ಡ

ನನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಈ ಗುಡ್ಡದ ಒಂಬೈನೂರು ಮೆಟ್ಟಿಲುಗಳನ್ನು ಹೆಗಲ ಮೇಲೆ ಒಂದು ಹೋರಿಯನ್ನು ಹೊತ್ತು ಹತ್ತಿದ್ದೇನೆ. ಕರುವಲ್ಲ, ನಾಲ್ಕು ಹಲ್ಲು ಬಂದ ಹೋರಿ. ಎಲ್ಲಿಯೂ ಇಳಿಸಲಿಲ್ಲ, ಹೆಗಲನ್ನೂ ಬದಲಿಸಲಿಲ್ಲ. ಕಣ್ಣಾರೆ ಕಂಡವರು ನಾಲ್ಕು ಜನ ಇದ್ದರು. ಮೂವರು ಮಣ್ಣಾದರು, ನಾಲ್ಕನೆಯವನು ಸೊಲ್ಲಾಪುರದ ಕಡೆ ಹೋದವನು ತಿರುಗಿ ಬರಲಿಲ್ಲ, ಹೋರಿಯೂ ಈಗಿಲ್ಲ. ಆದ್ದರಿಂದ ನಂಬುವವರು ನಂಬಬಹುದು, ನಂಬದವರು ಬೇರೆ ಹೋರಿ ತಂದು ಹೊತ್ತು ನೋಡಬಹುದು. ಈ ಮಾತನ್ನು ಮೊದಲಿಗೇ ಹೇಳುವುದು ಯಾಕೆಂದರೆ, ಈ ಗುಡ್ಡದ ಕಥೆ ಹೆಗಲಿನ ಕಥೆ. ಹೆಗಲು ಎಂದರೇನೆಂದು ತಿಳಿಯದವನು ಇದನ್ನು ಹೇಳಬಾರದು. ತಾಯಪ್ಪನೆಂಬ ನಾನು ಶಾಲೆಯ ಹೊಸ್ತಿಲು ತುಳಿದವನಲ್ಲ. ಇಲ್ಲಿ ಬಾಯಿ ನನ್ನದು, ಬರೆಯುವ ಕೈ ಮೊಮ್ಮಗಳದು. ಅವಳು ನಡುನಡುವೆ ನಕ್ಕಳೆಂದು ಕಥೆ ಸುಳ್ಳಾಗುವುದಿಲ್ಲ.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎರೆನೆಲದಲ್ಲಿ, ಯಾರೋ ಚೀಲದಿಂದ ಸುರಿದು ಮರೆತುಹೋದ ಹಾಗೆ, ದುಂಡು ಬಂಡೆಗಳ ಗುಡ್ಡ ನಮ್ಮದು. ಇಂಥವು ಈ ಸೀಮೆಯಲ್ಲಿ ಇಪ್ಪತ್ತಾದರೂ ಇವೆ. ಒಂದೊಂದರ ನೆತ್ತಿಯ ಮೇಲೂ ಒಂದೊಂದು ಊರು, ಇಲ್ಲವೇ ಊರಿನ ಎಲುಬು. ನಮ್ಮದರಲ್ಲಿ ಈಗ ಹದಿನಾಲ್ಕು ಮನೆಗಳಲ್ಲಿ ಮಾತ್ರ ಹೊಗೆಯಾಡುತ್ತದೆ. ಮಿಕ್ಕವರು ನನ್ನ ಹಾಗೆ ಕೆಳಗಿನ ಊರಿಗೆ ಇಳಿದುಬಿಟ್ಟಿದ್ದಾರೆ. ಮೇಲೆ ಉಳಿದಿರುವುದು ಮೂರು ಸುತ್ತಿನ ಕೋಟೆ, ಎರಡು ಹೊಂಡ, ಒಂದು ಹನುಮಪ್ಪನ ಗುಡಿ, ಗುಡಿಯ ಬೆನ್ನಿಗೆ ಬೆನ್ನು ಕೊಟ್ಟು ಕೂತ ಒಂದು ದರ್ಗಾ. ಅಗಸಿಬಾಗಿಲ ತೊಲೆಗಲ್ಲನ್ನು ನೋಡಬೇಕು. ಅದರ ಹೊರಮುಖದಲ್ಲಿ ವರಾಹ, ಒಳಮುಖದಲ್ಲಿ ಪಾರಸಿ ಅಕ್ಷರ. ಆಳುವವರು ಬದಲಾದಾಗಲೆಲ್ಲ ಕಲ್ಲನ್ನು ಇಳಿಸಿ ಮಗುಚಿ ಇಡುತ್ತಿದ್ದರು ಎನ್ನುತ್ತಾರೆ. ಒಂದು ವರ್ಷ ಏಳು ಸಲ ಮಗುಚಿ ಅದರ ಮೂಲೆಗಳು ಸವೆದುಹೋದವು. ಇನ್ನೂ ಮೇಲೆ, ಗುಡ್ಡದ ತುತ್ತತುದಿಯಲ್ಲಿ, ಬಂಡೆಯಲ್ಲೇ ಕೊರೆದ ಒಂದು ದೊಡ್ಡ ಒಲೆಯಿದೆ. ಎರಡು ಎತ್ತು ಮಲಗುವಷ್ಟು ದೊಡ್ಡದು. ಅದರ ಪಕ್ಕದಲ್ಲಿ ಆಳೆತ್ತರದ ಒಂದು ಕಲ್ಲು ನಿಂತಿದೆ. ಅದಕ್ಕೆ ತಲೆಯಂಥದೊಂದಿದೆ, ಎಡಕ್ಕೆ ಇಳಿಜಾರು, ಬಲಕ್ಕೆ ಮಾತ್ರ ಕಿವಿಯವರೆಗೆ ಎದ್ದುನಿಂತ ಹೆಗಲು. ಹತ್ತು ಹರದಾರಿ ದೂರದಿಂದಲೂ ಆ ಹೆಗಲು ಕಾಣುತ್ತದೆ. ಒಂಟಿಹೆಗಲ ಗುಡ್ಡ ಎಂಬ ಹೆಸರು ಬಂದದ್ದು ಅದರಿಂದಲೇ.

ಹೋದ ತಿಂಗಳು ಹುಬ್ಬಳ್ಳಿಯಿಂದ ನಾಲ್ಕು ಜನ ಬಂದಿದ್ದರು. ರಜೆ ಬಂದಾಗಲೆಲ್ಲ ಇಂಥ ಗುಡ್ಡದ ಮೇಲಿನ ಊರುಗಳನ್ನು ಹುಡುಕಿ ಹತ್ತುವುದು ಅವರ ಖಯಾಲಿಯಂತೆ. ಅವರಲ್ಲಿ ಮೆಹರುನ್ನಿಸಾ ಎಂಬಾಕೆ ಆಸ್ಪತ್ರೆಯಲ್ಲಿ ನರ್ಸಮ್ಮ. ಬಾಯಿ ಕಡಿಮೆ, ಕಣ್ಣು ಹೆಚ್ಚು. ಕೆಳಗೆ ಅರಳಿಕಟ್ಟೆಯಲ್ಲಿ ನನ್ನನ್ನು ಕಂಡು, ದಾರಿ ತೋರಿಸುತ್ತೀರಾ ಎಂದು ಕೇಳಿದರು. ನಾನು ಬಂದೆ. ಬರುವಾಗ ಹಿತ್ತಲಿನಿಂದ ಒಂದು ಸಣ್ಣ ಕಟ್ಟಿಗೆ ಹೊರೆಯನ್ನು ಹೆಗಲಿಗೇರಿಸಿಕೊಂಡೆ. ಅದು ಯಾಕೆಂದು ಮೆಹರುನ್ನಿಸಾ ಕೇಳಿದಳು. ಮೇಲೆ ಹೋಗಿ ಚಹಾ ಕಾಸೋಣವೆಂದೆ. ಇನ್ನೂರನೆಯ ಮೆಟ್ಟಿಲಿನಲ್ಲಿ, ಕೊಡಿ ನಾನು ಹಿಡಿಯುತ್ತೇನೆ ಎಂದಳು. ಐನೂರನೆಯದರಲ್ಲಿ, ಸ್ವಲ್ಪ ಇಳಿಸಿಯಾದರೂ ಕೂಡ್ರಿ ಎಂದಳು. ಹೋರಿ ಹೊತ್ತ ಹೆಗಲಿಗೆ ಇದೊಂದು ಹೊರೆಯೇ ಎಂದು ನಕ್ಕುಬಿಟ್ಟೆ. ಹೋರಿಯ ಕಥೆ ಅವರಿಗೆ ಅಷ್ಟರಲ್ಲಿ ಎರಡು ಸಲ ಆಗಿತ್ತು. ತುದಿಗೆ ಮುಟ್ಟಿದ ಮೇಲೆ ಎಲ್ಲರೂ ಕಲ್ಲಿನ ನೆರಳಿಗೆ ಕೂತರು. ನಾನು ಹೊರೆಯ ಸಮೇತ ಗೋಡೆಗೆ ಒರಗಿ ನಿಂತು, ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಗೆ ಇಬ್ಬರು ಒಡೆಯರಿದ್ದರು. ತೆಂಕಣದಲ್ಲಿ ರಾಯರು, ಬಡಗಣದಲ್ಲಿ ಸುಲ್ತಾನರು, ನಡುವೆ ನಾವು. ಬಿತ್ತುವಾಗ ಒಬ್ಬರ ರಾಜ್ಯವಾದರೆ ಕೊಯ್ಯುವಾಗ ಇನ್ನೊಬ್ಬರದು ಎನ್ನುತ್ತಾರೆ. ದಂಡು ಯಾರದಾದರೂ ತುಳಿಸಿಕೊಳ್ಳುವ ಜೋಳ ನಮ್ಮದು, ಹಗ್ಗಕ್ಕೆ ಸಿಗುವ ಕೈ ನಮ್ಮವು. ಅದಕ್ಕೇ ನಮ್ಮ ಹಿರಿಯರು ನೆರಳಿಲ್ಲದ ಈ ಬಂಡೆಗಳ ಮೇಲೆ ಊರು ಕಟ್ಟಿದರು. ಹೊಲ ಕೆಳಗೆ, ಜೀವ ಮೇಲೆ. ಈ ತುದಿಯಲ್ಲಿ ಕಾವಲೊಲೆಯನ್ನು ಕೊರೆದರು. ಅದರಲ್ಲಿ ಹಗಲಿರುಳು ಕೆಂಡವಿರಬೇಕು. ದೂರದಲ್ಲಿ ಕುದುರೆಗಳ ಧೂಳು ಎದ್ದರೆ ಕಾವಲಿನವನು ಕೆಂಡದ ಮೇಲೆ ಕಟ್ಟಿಗೆಯೊಡ್ಡಿ, ಅದರ ಮೇಲೆ ಹಸಿ ಬೇವಿನ ಸೊಪ್ಪು ಹೇರುತ್ತಿದ್ದ. ಏಳುತ್ತಿದ್ದ ಹೊಗೆ ಎಷ್ಟು ಕಪ್ಪೆಂದರೆ, ಮುದಗಲ್ಲಿನ ಕಾಗೆಗಳು ತಮ್ಮ ಬಳಗವೆಂದು ತಿಳಿದು ಹಾರಿ ಬರುತ್ತಿದ್ದವಂತೆ. ಹೊಗೆ ಕಂಡೊಡನೆ ಹೊಲದಲ್ಲಿದ್ದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತುತ್ತಿದ್ದರು. ಕೊನೆಯ ಮನುಷ್ಯ ಒಳಗೆ ಬಂದ ಮೇಲೆ ಅಗಸಿ ಮುಚ್ಚುತ್ತಿತ್ತು. ಕುದುರೆಗಳಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ. ಹೀಗೆ ಮೂರು ತಲೆಮಾರು ಉಳಿದುಕೊಂಡರು.

ಆ ಕಾಲದಲ್ಲಿ ಕಾವಲಿದ್ದವನು ಹುಲುಗ. ಎಡಗಾಲಿನ ಮಂಡಿಗೆ ಬಾಣ ಬಿದ್ದು ಆ ಕಾಲು ಮಡಚುತ್ತಿರಲಿಲ್ಲ. ಮೇಲೆ ಬಂದವನು ಕೆಳಗಿಳಿದದ್ದೇ ಅಪರೂಪ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಉಳಿದವಳು ಒಬ್ಬಳೇ ಮಗಳು ನೀಲವ್ವ. ಆ ಕೂಸನ್ನು ಸಾಕಿದವಳು, ಕಾವಲೊಲೆಯ ಪಕ್ಕದ ಮಾಡಿನಲ್ಲಿದ್ದ ಸಂಕವ್ವ. ಸಂಕವ್ವ ಈ ಊರಿನವಳೇ. ಹದಿನಾರರ ಹರೆಯದಲ್ಲಿ ನೀರಿಗೆ ಹೋದಾಗ ಒಂದು ದಂಡು ಅವಳನ್ನು ಎತ್ತಿಕೊಂಡು ಹೋಗಿತ್ತು. ಹನ್ನೆರಡು ವರ್ಷದ ಮೇಲೆ ಬರಿಗಾಲಿನಲ್ಲಿ ನಡೆದು ಬಂದಳು. ಎಲ್ಲಿಂದ ಬಂದೆ ಎಂದು ಕೇಳಿದವರಿದ್ದರು, ಉಂಡೆಯಾ ಎಂದು ಕೇಳಿದವರಿರಲಿಲ್ಲ. ಊರವರು ಅವಳ ಹೆಸರನ್ನು ಬಿಟ್ಟು ಹೋಗಿಬಂದವಳು ಎನ್ನತೊಡಗಿದರು. ಅವಳ ಕೈಯ ನೀರು ಯಾರೂ ಮುಟ್ಟಲಿಲ್ಲ. ಹುಲುಗನ ಅಪ್ಪ ಅವಳಿಗೆ ಒಲೆಯ ಬಳಿ ಒಂದು ಮೂಲೆ ಕೊಟ್ಟ. ಅಂದಿನಿಂದ ನಲವತ್ತು ವರ್ಷ ಆ ಕೆಂಡವನ್ನು ಊದಿ ಉಳಿಸಿದವಳು ಅವಳೇ. ಬೆಳಿಗ್ಗೆ ಊರಿನ ಎಲ್ಲ ಮನೆಗಳಿಂದಲೂ ಹೆಂಗಸರು ಒಡೆದ ಮಡಕೆಯ ಬೋಕಿ ಹಿಡಿದು ಬಂದು ಅವಳ ಕೆಂಡವನ್ನೇ ಒಯ್ದು ಒಲೆ ಹೊತ್ತಿಸುತ್ತಿದ್ದರು. ಅವಳು ಮುಟ್ಟಿದ ನೀರು ಬೇಡ, ಅವಳು ಊದಿದ ಬೆಂಕಿ ಬೇಕು. ಬೆಂಕಿಗೆ ಮೈಲಿಗೆಯಿಲ್ಲವೆಂದು ಹಿರಿಯರು ತೀರ್ಮಾನ ಮಾಡಿದ್ದರಂತೆ. ಚಳಿಗಾಲದ ಬೆಳಗಿನಲ್ಲಿ ಮಾಡಿದ ತೀರ್ಮಾನವಿರಬೇಕು.

ಮಾಘಮಾಸ, ಬಿಳಿಜೋಳದ ಕೊಯ್ಲು. ಆ ವರ್ಷದ ಜೋಳ ಎಂಥದು ಬಂದಿತ್ತೆಂದರೆ, ಹೊಲದೊಳಗೆ ಹೋದ ಆನೆಯನ್ನು ಹುಡುಕಲು ಇನ್ನೊಂದು ಆನೆ ಕಳಿಸಬೇಕಾಗಿತ್ತು ಎನ್ನುತ್ತಾರೆ. ಅಂಥ ಒಂದು ಬೆಳಿಗ್ಗೆ, ಕೈಯಲ್ಲಿ ಊದುಗೊಳವೆ ಹಿಡಿದವಳು ಹಾಗೆಯೇ ಒರಗಿ, ಸಂಕವ್ವ ತೀರಿಕೊಂಡಳು. ನಮ್ಮ ಗುಡ್ಡಕ್ಕೊಂದು ಕಟ್ಟಳೆಯಿದೆ. ಮೇಲೆ ಹೆಣವಿರುವಾಗ ಯಾವ ಒಲೆಯೂ ಉರಿಯಬಾರದು. ಹೆಣ ನಾಲ್ಕು ಹೆಗಲ ಮೇಲೆ ಅಗಸಿ ದಾಟುವವರೆಗೆ ಊರಿನ ಬೆಂಕಿಯೆಲ್ಲ ಆರಿರಬೇಕು. ಮರೆತೂ ಹೊತ್ತಿಸಬಾರದೆಂದು ಕಟ್ಟಿಗೆಯನ್ನೂ ನೆನೆಸಿಡಬೇಕು. ಒಂದು ಹೆಣ ಒಂದು ತಾಸಿಗಿಂತ ಹೆಚ್ಚು ಮೇಲಿರುತ್ತಿರಲಿಲ್ಲವಾದ್ದರಿಂದ ಈ ಕಟ್ಟಳೆಯಿಂದ ಯಾವತ್ತೂ ಕೇಡಾಗಿರಲಿಲ್ಲ. ಹುಲುಗ ಕಾಲೆಳೆಯುತ್ತ ಬಂದು, ಹೊಲಕ್ಕೆ ಹೊರಟ ಮಂದಿಯನ್ನು ಅಗಸಿಯಲ್ಲಿ ನಿಲ್ಲಿಸಿದ. ಮುಂದೆ ನಿಂತಿದ್ದವನು ಊರಗೌಡ. ನೀಲವ್ವ ಆ ವರ್ಷವಷ್ಟೇ ಅವನ ಮನೆಗೆ ಸೊಸೆಯಾಗಿ ಹೋಗಿದ್ದಳು.

“ಸಂಕವ್ವ ಹೋದಳ್ರಿ. ನಾಕು ಹೆಗಲು ಬೇಕು,” ಎಂದ ಹುಲುಗ.

“ಹೋಗಿಬಂದಾಕಿಗೆ ಹೆಗಲು ಕೊಟ್ಟ ಮನಿಗೆ ನಾಳೆ ಹೆಣ್ಣು ಕೊಡವರ್ಯಾರು?” ಎಂದ ಗೌಡ. “ತೆನಿ ಉದುರಾಕತ್ಯಾವು. ಸಂಜಿಗೆ ಬಂದು ನೋಡಣಂತ.”

“ಸಂಜಿತನಕ ಕಾವಲೊಲಿ ತಣ್ಣಗಿರತೈತ್ರೀ ಗೌಡ್ರ.”

“ಒಂದ್ ಹಗಲು. ಇಷ್ಟು ವರ್ಷದಾಗ ಒಂದ್ ಹಗಲಿಗೆ ಏನ್ ಮುಳುಗತೈತಿ?”

ಹುಲುಗ ಮಗಳ ಮುಖ ನೋಡಿದ. ಅವಳು ಅತ್ತೆಯ ಬೆನ್ನ ಹಿಂದೆ ನಿಂತು, ತನ್ನ ಕುಡುಗೋಲಿನ ಹಿಡಿಯನ್ನೇ ನೋಡುತ್ತಿದ್ದಳು. ಸಂಕವ್ವನ ಮಡಿಲಲ್ಲಿ ನಡೆಯಲು ಕಲಿತ ಹುಡುಗಿ. ಆದರೆ ಮೂರು ತಿಂಗಳ ಸೊಸೆಗೆ ಎಲ್ಲಿಯ ನಾಲಿಗೆ? ಮಂದಿ ತಿರುಗಿ ತಮ್ಮ ತಮ್ಮ ಮನೆಗೆ ಹೋಗಿ ಒಲೆಗೆ ನೀರು ಹೊಯ್ದರು. ತಂಗಳ ರೊಟ್ಟಿ ಕಟ್ಟಿಕೊಂಡು, ಕೂಸುಗಳನ್ನು ಬಗಲಿಗೆ ಹಾಕಿಕೊಂಡು ಹೊಲಕ್ಕಿಳಿದರು. ಬೆಂಕಿಯ ಕಟ್ಟಳೆಯನ್ನು ಪಾಲಿಸಿದರು, ಹೆಗಲಿನ ಕಟ್ಟಳೆಯನ್ನು ಬಿಟ್ಟರು. ಮೊದಲನೆಯದಕ್ಕೆ ಒಂದು ತಂಬಿಗೆ ನೀರು ಸಾಕಲ್ಲವೆ. ಹುಲುಗ ತುದಿಗೆ ಬಂದು ಕಾವಲೊಲೆಯ ಮುಂದೆ ಬಹಳ ಹೊತ್ತು ಕೂತ. ಅದೊಂದನ್ನು ಉಳಿಸಿಕೊಂಡರೆ ಯಾರೂ ನೋಡುವವರಿರಲಿಲ್ಲ. ಆದರೆ ನಲವತ್ತು ವರ್ಷ ಊರಿಗೆ ಬೆಂಕಿ ಕೊಟ್ಟವಳಿಗೆ ಒಂದು ಹನಿ ಕಣ್ಣೀರೂ ಬಿದ್ದಿರಲಿಲ್ಲ. ಈ ನೀರಾದರೂ ಬೀಳಲಿ ಎಂದುಕೊಂಡ ಎನ್ನುತ್ತಾರೆ. ಮೂರು ಕೊಡ ನೀರನ್ನು ಕೆಂಡದ ಮೇಲೆ ಸುರಿದ, ಇನ್ನು ಮೂರನ್ನು ಕಟ್ಟಿಗೆಯ ಮೇಲೆ. ಒಲೆ ಒಮ್ಮೆ ಬುಸುಗುಟ್ಟಿ ಸುಮ್ಮನಾಯಿತು.

ನಡುಹಗಲಿಗೆ ಬಡಗಣ ದಿಕ್ಕಿನಲ್ಲಿ ಧೂಳು ಎದ್ದಿತು. ಯಾರ ದಂಡೋ ಇಂದಿಗೂ ಗೊತ್ತಿಲ್ಲ. ರಾಯರದೆನ್ನುವವರಿದ್ದಾರೆ, ಸುಲ್ತಾನರದೆನ್ನುವವರಿದ್ದಾರೆ; ಗೊರಸಿನ ಗುರುತು ಎರಡಕ್ಕೂ ಒಂದೇ. ಇನ್ನೂ ಮೂರು ಹರದಾರಿ ದೂರವಿತ್ತು. ಹೊಗೆ ಎದ್ದಿದ್ದರೆ ಮಂದಿ ಹಾಡಿಕೊಂಡು ಹತ್ತಿ ಬರುವಷ್ಟು ಹೊತ್ತು ಇತ್ತು. ಕೆಳಗೆ ಹೊಲದಲ್ಲಿದ್ದವರು ನೂರಾ ನಲವತ್ತು ಜನ, ಅವರ ನಡುವೆ ನೀಲವ್ವನ ಕೆಂಪು ಸೀರೆ. ಹುಲುಗ ಕೂಗಿದ. ಎದುರುಗಾಳಿ ಕೂಗನ್ನು ಅವನ ಬಾಯಿಗೇ ತಿರುಗಿ ತುರುಕಿತು. ಚಕಮಕಿ ಕಲ್ಲು ತೆಗೆದು ಕುಟ್ಟಿದ. ಬೆರಳು ಒಡೆದು ರಕ್ತ ಬಂತು. ಕಿಡಿ ಅರಳೆಗೆ ಹತ್ತಿತು, ಅರಳೆಯಿಂದ ರುಮಾಲಿನ ತುದಿಗೆ ಹತ್ತಿತು, ತೊಯ್ದ ಕಟ್ಟಿಗೆಯನ್ನು ಮುಟ್ಟಿದೊಡನೆ ಸತ್ತುಹೋಯಿತು. ಗೇಣುದ್ದದ ಬಿಳಿ ಹೊಗೆಯೊಂದು ಎದ್ದು ಗಾಳಿಗೆ ಹರಿಯಿತು. ಸಂಕವ್ವನ ಹಾಸಿಗೆಯ ಹುಲ್ಲನ್ನು ತಂದರೆ, ಹೆಣವನ್ನು ಮೀಯಿಸಿದ ನೀರಿಗೆ ಅದೂ ನೆನೆದಿತ್ತು. ಇಳಿದು ಓಡೋಣವೆಂದರೆ ಒಂಬೈನೂರು ಮೆಟ್ಟಿಲು, ಒಂದು ಕಾಲು. ನೂರು ಮೆಟ್ಟಿಲು ಉರುಳಿಕೊಂಡೇ ಇಳಿದವನು, ಈ ಲೆಕ್ಕದಲ್ಲಿ ಕುದುರೆಗಳೇ ಮೊದಲು ಮುಟ್ಟುತ್ತವೆಂದು ತಿಳಿದು, ತೆವಳಿಕೊಂಡು ಮತ್ತೆ ಮೇಲೆ ಬಂದ.

ಆಗ ಸುಟ್ಟ ರುಮಾಲನ್ನೇ ಬಿಚ್ಚಿ ಬಂಡೆಯ ತುದಿಗೆ ನಿಂತು ಬೀಸತೊಡಗಿದ. ಇಲ್ಲಿಯೇ ನೋಡಿ ವಿಧಿಯಾಟ. ಹೊಗೆ ದಂಡಿಗೆ, ಬಟ್ಟೆ ಸಾವಿಗೆ. ಇದು ಮೂರು ತಲೆಮಾರಿನಿಂದ ಎಲ್ಲರಿಗೂ ಗೊತ್ತಿದ್ದದ್ದು. ಮೇಲೆ ಯಾರಾದರೂ ಸತ್ತರೆ, ಹೆಗಲು ಕೊಡಲು ಬನ್ನಿರೆಂದು ಬಿಳಿ ಬಟ್ಟೆ ಬೀಸುವುದು ವಾಡಿಕೆ. ಹೊಲದಲ್ಲಿದ್ದವರೆಲ್ಲ ಅದನ್ನು ನೋಡಿದರು. ಕಾಣಲಿಲ್ಲವೆಂದು ಯಾರೂ ಹೇಳುವಂತಿಲ್ಲ. “ಕುಂಟಗ ತಾಳ್ಮಿಲ್ಲ. ಬೀಸಲಿ, ಕೈ ಸೋತ ಮ್ಯಾಲ ನಿಲ್ಲಿಸ್ತಾನ,” ಎಂದು ಗೌಡ ನಕ್ಕನಂತೆ. ಮತ್ತೆ ಮತ್ತೆ ಕಣ್ಣು ಅತ್ತ ಹೋಗಬಾರದೆಂದು ಸಾಲನ್ನೇ ತಿರುಗಿಸಿ, ಗುಡ್ಡಕ್ಕೆ ಬೆನ್ನು ಮಾಡಿ ಕೊಯ್ಯತೊಡಗಿದರು. ನೀಲವ್ವ ಮಾತ್ರ ಒಂದು ಗಳಿಗೆ ತಿರುಗದೆ ನಿಂತಳು. “ಕಣ್ಣು ಕೆಳಗ,” ಎಂದಳು ಅತ್ತೆ. ನೀಲವ್ವನೂ ತಿರುಗಿದಳು. ಮೇಲಿನಿಂದ ಹುಲುಗನಿಗೆ ನೂರಾ ನಲವತ್ತು ಬೆನ್ನು ಕಂಡವು, ಅದರಲ್ಲಿ ಒಂದು ಕೆಂಪು.

ರುಮಾಲು ಕೈಯಿಂದ ಜಾರಿತು. ಧೂಳು ಹತ್ತಿರವಾಗಿತ್ತು. ಹುಲುಗ ಮಾಡಿನೊಳಗೆ ಹೋಗಿ ಸಂಕವ್ವನನ್ನು ಎತ್ತಿ ಬಲಹೆಗಲ ಮೇಲೆ ಹಾಕಿಕೊಂಡ. ಮಡಚದ ಕಾಲನ್ನು ಊರಿ, ಬಂಡೆಯ ಅಂಚಿನಲ್ಲಿ, ಆಕಾಶಕ್ಕೆ ಎದುರಾಗಿ ನಿಂತ. ನಾಲ್ಕು ಹೆಗಲಿನ ಕೆಲಸವನ್ನು ಒಂದು ಹೆಗಲು ಮಾಡುವುದನ್ನು ಈ ಗುಡ್ಡ ಅದುವರೆಗೆ ಕಂಡಿರಲಿಲ್ಲ. ಬೆವರೊರೆಸುತ್ತ ಗುಡ್ಡದ ಕಡೆ ತಿರುಗಿದ ಯಾರೋ ಒಬ್ಬ ಅದನ್ನು ಕಂಡ. ಕಂಡವನು ಕುಡುಗೋಲನ್ನು ನೆಲಕ್ಕೆ ಹಾಕಿ, ಗೌಡನ ಮುಂದೆಯೇ ಹಾದು ಗುಡ್ಡದ ಕಡೆ ನಡೆದ. ಅವನೇ ನಮ್ಮ ಮನೆತನದ ಮೂಲಪುರುಷ. ಅವನ ಹೆಸರೂ ತಾಯಪ್ಪನೇ, ಎತ್ತರ ಏಳು ಅಡಿ, ಒಂದೊಂದು ದಾಪಿಗೆ ನಾಲ್ಕು ಮೆಟ್ಟಿಲು. ಅವನ ಹಿಂದೆ ದರ್ಗಾದ ಪೀರಸಾಬ, ಉಪ್ಪಾರರ ಅಣ್ಣತಮ್ಮ ಇಬ್ಬರು, ಎಳೆಗೂಸನ್ನು ಕಟ್ಟಿಕೊಂಡ ಒಬ್ಬ ಬಾಣಂತಿ. ಇವರು ಐದು ಜನ ಹತ್ತಿದ್ದು ದಂಡಿಗೆ ಹೆದರಿಯಲ್ಲ. ದಂಡು ಬರುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಮುದುಕಿಯನ್ನು ಹೊರಲು ಬಂದರು.

ಅಗಸಿಗೆ ಬಂದವರು ಎತ್ತರದಿಂದ ಧೂಳನ್ನು ಕಂಡು ತಿರುಗಿ ನಿಂತು ಕೂಗಿಕೊಂಡರು. ಆ ಕೂಗು ಹೊಲವನ್ನು ಮುಟ್ಟುವಷ್ಟರಲ್ಲಿ ಮುಂದಿನ ಕುದುರೆಗಳು ಹೊಲಕ್ಕೂ ಗುಡ್ಡಕ್ಕೂ ನಡುವೆ ನುಗ್ಗಿದ್ದವು. ಮಂದಿ ಈಗ ತಿರುಗಿದರು. ಈಗ ಎಲ್ಲರ ಮುಖವೂ ಗುಡ್ಡದ ಕಡೆಗಿತ್ತು. ಕೆಂಪು ಸೀರೆಯೊಂದು ಸಾಲು ಒಡೆದು ಮೆಟ್ಟಿಲಿನ ಕಡೆ ಓಡಿಬರುತ್ತಿತ್ತು, ಅದರ ಹಿಂದೆಯೇ ಹತ್ತು ಸವಾರರು. ಪೀರಸಾಬ ಅಗಸಿಯ ಅಡ್ಡಗೋಲನ್ನು ಹಿಡಿದುಕೊಂಡು ಮೇಲೆ ನೋಡಿ ಕೇಳಿದ:

“ಹುಲುಗಣ್ಣಾ, ಮಗಳು ಬರಾಕತ್ಯಾಳ. ಏನ್ ಮಾಡ್ಲಿ?”

ಕಾವಲಿನವನ ಮಾತಿಲ್ಲದೆ ಅಗಸಿ ಮುಚ್ಚುವಂತಿಲ್ಲ. ತೆರೆದಿಟ್ಟರೆ, ಕುದುರೆಗಳನ್ನು ಕೆಳಗೆ ಬಿಟ್ಟು ಮೆಟ್ಟಿಲೇರುವ ಸವಾರರು ಅವಳ ಬೆನ್ನಿಗೇ ಒಳಗೆ. ಒಳಗೆ ಹಾಸಿಗೆ ಹಿಡಿದ ಇಬ್ಬರು ಮುದುಕರು, ಒಂದು ಎಳೆಗೂಸು, ಹೆಗಲು ಕೊಡಲೆಂದು ಬಂದ ಐವರು. ಹುಲುಗ ಕೆಳಗೆ ನೋಡಿದ. ಹೆಗಲ ಮೇಲಿನ ಭಾರವನ್ನು ಇಳಿಸದೆಯೇ ಹೇಳಿದ:

“ಹಾಕು.”

ಅಗಸಿ ಬಿತ್ತು. ಮುಂದಿನದನ್ನು ಅವನು ನಿಂತಲ್ಲಿಂದಲೇ ನೋಡಿದ. ಕಣ್ಣು ಮುಚ್ಚಲಿಲ್ಲ ಎನ್ನುತ್ತಾರೆ. ಸಂಜೆಯೊಳಗೆ ಜೋಳ ಗಾಡಿಗೇರಿತು, ಮಂದಿ ಹಗ್ಗಕ್ಕೇರಿದರು, ಧೂಳು ಬಂದ ದಾರಿಯಲ್ಲೇ ಹೋಯಿತು. ಆ ಧೂಳು ಕೆಳಗೆ ಕೂರಲು ಮೂರು ದಿನ ಹಿಡಿಯಿತಂತೆ. ನನ್ನ ಕೇಳಿದರೆ, ಅದು ಇನ್ನೂ ಪೂರ್ತಿ ಕೂತಿಲ್ಲ. ಐವರೂ ಸೇರಿ ಸಂಕವ್ವನನ್ನು ಹುಲುಗನ ಹೆಗಲಿನಿಂದ ಇಳಿಸಿಕೊಂಡು, ನಾಲ್ಕು ಹೆಗಲ ಮೇಲೆ ಅಗಸಿ ದಾಟಿಸಿ, ಪಡುವಣ ತಗ್ಗಿನಲ್ಲಿ ಮಣ್ಣು ಮಾಡಿದರು. ಬಾಣಂತಿ ಕೂಸನ್ನು ಕೆಳಗಿಟ್ಟು ಒಂದು ಕೊನೆ ಹಿಡಿದಳು. ಅಲ್ಲಿಗೆ ಕಟ್ಟಳೆ ಮುಗಿದಿತ್ತು. ಇನ್ನು ಬೆಂಕಿ ಹೊತ್ತಿಸಬಹುದಿತ್ತು.

ಭಾರ ಇಳಿದರೂ ಹುಲುಗನ ಬಲಹೆಗಲು ಇಳಿಯಲಿಲ್ಲ. ಕಿವಿಯವರೆಗೆ ಎದ್ದದ್ದು ಹಾಗೆಯೇ ನಿಂತುಬಿಟ್ಟಿತು. ಎಣ್ಣೆ ತಿಕ್ಕಿದರು, ಬಿಸಿಕಲ್ಲಿನ ಶಾಖ ಕೊಟ್ಟರು, ದರ್ಗಾದ ಬೂದಿ ಹಚ್ಚಿದರು, ಹನುಮಪ್ಪನ ಸಿಂಧೂರ ಬಳಿದರು. ಅದು ಇಳಿಯಲಿಲ್ಲ. ಹನ್ನೊಂದು ವರ್ಷ ಅವನು ಆ ಒಂಟಿಹೆಗಲನ್ನು ಎತ್ತಿಕೊಂಡು ಇದೇ ಬಂಡೆಯ ಅಂಚಿನಲ್ಲಿ ಬಡಗಣಕ್ಕೆ ಮುಖ ಮಾಡಿ ಕೂತಿರುತ್ತಿದ್ದ. ಕೊನೆಕೊನೆಗೆ ಕಣ್ಣು ಹೋಯಿತು. ಕೂರುವುದು ಬಿಡಲಿಲ್ಲ. ಕಾವಲೊಲೆಗೆ ಮತ್ತೆ ಕೆಂಡ ಹಾಕಲಿಲ್ಲ, ಹಾಕಗೊಡಲೂ ಇಲ್ಲ. ಕಾಯಬೇಕಾದವರು ಕೆಳಗೆ ಯಾರಿದ್ದರು?

ಹನ್ನೊಂದನೆಯ ವರ್ಷ ಒಂದು ಮಧ್ಯಾಹ್ನ ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಂದವಳು ಅಗಸಿಯಲ್ಲಿ ನಿಂತು ಕೂಗಲಿಲ್ಲ, ಯಾರ ಮನೆಯನ್ನೂ ಹೊಗಲಿಲ್ಲ. ಹೋಗಿಬಂದವಳಿಗೆ ಈ ಊರು ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಸಂಕವ್ವನ ಮಡಿಲಲ್ಲೇ ಕೂತು ನೋಡಿದ್ದಳು. ದಾರಿಯಲ್ಲಿ ಆಯ್ದ ಕಟ್ಟಿಗೆಯ ಹೊರೆಯನ್ನು ಹೊತ್ತು ನೇರವಾಗಿ ತುದಿಗೆ ಬಂದು, ಆರಿದ ಒಲೆಯ ಮುಂದೆ ನಿಂತಳು. ಕುರುಡ ಹುಲುಗ ಯಾರೆಂದು ಕೇಳಲಿಲ್ಲ. ಕೈ ಚಾಚಿ ಹೊರೆಯನ್ನು ಮುಟ್ಟಿದ, ಒಂದು ಕಟ್ಟಿಗೆಯ ಉದ್ದಕ್ಕೂ ಬೆರಳಾಡಿಸಿದ.

“ಹಸೀದೋ, ಒಣಗಿದ್ದೋ?” ಎಂದ.

“ಒಣಗಿದ್ದು, ಯಪ್ಪಾ.”

“ಹಂಗಾದ್ರ ಇಡು.”

ಅವರಿಬ್ಬರ ನಡುವೆ ಆದ ಮಾತು ಇಷ್ಟೇ ಎನ್ನುತ್ತಾರೆ. ನೀಲವ್ವ ಸಂಕವ್ವನ ಮಾಡಿನಲ್ಲೇ ಇದ್ದು ತಂದೆಯ ಕೊನೆಯ ಎರಡು ವರ್ಷ ನೋಡಿಕೊಂಡಳು. ಅವಳ ಹಿಂದೆ ಒಬ್ಬೊಬ್ಬರಾಗಿ ಇನ್ನೂ ಕೆಲವರು ಬಂದರು. ನೂರಾ ಮೂವತ್ತೈದರಲ್ಲಿ ಮೂವತ್ತೂ ಇರಲಿಲ್ಲ. ಮೇಲೆ ಉಳಿದಿದ್ದ ಐವರು ಈ ಸಲ ಯಾರ ಕೈಯ ನೀರನ್ನೂ ಬೇಡವೆನ್ನಲಿಲ್ಲ. ಹಾಗೆ ಬಂದವರೆಲ್ಲ, ಯಾರೂ ಹೇಳದಿದ್ದರೂ, ನೀಲವ್ವನ ಹಾಗೆ ಒಂದೊಂದು ಹೊರೆ ಒಣಕಟ್ಟಿಗೆ ತಂದು ಕಾವಲೊಲೆಯಲ್ಲಿಟ್ಟರು. ಅದೇ ಮುಂದೆ ನೇಮವಾಯಿತು. ಅಂದು ಬೆನ್ನು ತಿರುಗಿಸಿದವರ ಕುಲದವರು ಯಾವತ್ತೇ ಆಗಲಿ, ಯಾವ ಕೆಲಸಕ್ಕೇ ಆಗಲಿ, ಈ ತುದಿಗೆ ಬರಿಗೈಯಲ್ಲಿ ಹತ್ತುವಂತಿಲ್ಲ. ಹೊರೆಯನ್ನು ಬೇರೆ ಹೆಗಲಿಗೆ ಕೊಡುವಂತಿಲ್ಲ. ದಾರಿಯಲ್ಲಿ ಇಳಿಸುವಂತಿಲ್ಲ. ಅಂದು ಹತ್ತಿ ಬಂದ ಐವರ ಕುಲದವರಿಗೆ ಮಾತ್ರ ಈ ನೇಮವಿಲ್ಲ. ಅವರು ಕೈ ಬೀಸಿಕೊಂಡು ಬರಬಹುದು.

ಹುಲುಗ ಸತ್ತಲ್ಲಿಯೇ ಈ ಕಲ್ಲು ಎದ್ದಿತು ಎನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಇದು ಇನ್ನೂ ಒಂದು ಗೇಣು ಗಿಡ್ಡವಿತ್ತು, ಅಳೆದು ನೋಡಿದ್ದೇನೆ. ಈಗಲೂ ಇಲ್ಲಿಗೆ ಬಂದವರು ನೋಡುವುದು ಇದನ್ನೇ. ಎಡಹೆಗಲು ಇಳಿದು, ಬಲಹೆಗಲು ಎದ್ದು, ಬಡಗಣಕ್ಕೆ ಮುಖ ಮಾಡಿದ ಕಲ್ಲು. ಅದರ ಕಾಲಬುಡದಲ್ಲಿ, ಮಳೆಗೆ ತೊಳೆದು ಒಂದು ಎಳೆ ಮಸಿಯೂ ಉಳಿಯದ ಒಲೆ. ಒಲೆಯ ತುಂಬ ಕಟ್ಟಿಗೆ. ತಳದ್ದು ಗೆದ್ದಲು ತಿಂದು ಮಣ್ಣಾಗಿದೆ, ನಡುವಿನದು ಮಳೆಗೆ ಕಪ್ಪಾಗಿದೆ, ಮೇಲಿನದು ಹೊಸತು. ಯಾರೂ ಕಡ್ಡಿ ಗೀರುವುದಿಲ್ಲ. ಒಣಗಿದ ಕಟ್ಟಿಗೆ ಅಲ್ಲಿರಬೇಕು, ಅಷ್ಟೆ. ಆ ಹೊತ್ತಿಗೆ ಒದಗದ್ದು ಈಗ ಇದ್ದು ಏನು ಪ್ರಯೋಜನವೆಂದು ಕೇಳಿದರೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಇಡುವುದನ್ನು ಬಿಟ್ಟವರೂ ಇಲ್ಲ.

ಇಷ್ಟು ಹೇಳಿ ಮುಗಿಸಿದೆ. ಹುಬ್ಬಳ್ಳಿಯವರಲ್ಲಿ ಒಬ್ಬ ಫೋಟೋ ತೆಗೆಯಲು ಎತ್ತಿದ್ದ ಫೋನನ್ನು ಇಳಿಸಿದ. ಮೆಹರುನ್ನಿಸಾ ಮಾತ್ರ ಕಲ್ಲನ್ನು ನೋಡುತ್ತಿರಲಿಲ್ಲ.

“ತಾತ, ಒಂದ್ ಮಾತು ಕೇಳ್ತೀನಿ, ಬ್ಯಾಸರಾಗಬ್ಯಾಡ್ರಿ,” ಎಂದಳು. “ಮೊದಲು ಹತ್ತಿ ಬಂದವರ ಕುಲ ನಿಮ್ಮದು ಅಂದ್ರಿ.”

“ಹೌದವ್ವಾ. ಏಳು ಅಡಿ ಎತ್ತರ.”

“ಅವರಿಗೆ ಹೊರೆ ನೇಮ ಇಲ್ಲ ಅಂದ್ರಿ.”

“ಇಲ್ಲ.”

“ಮತ್ತ ಇದು?”

“ಚಹಾಕ್ಕ ಅಂದಿದ್ನಲ್ಲ.”

“ಚಾಪುಡಿ ತಂದಿಲ್ಲ, ಸಕ್ಕರಿ ತಂದಿಲ್ಲ, ಬೋಗಾಣಿ ತಂದಿಲ್ಲ,” ಎಂದಳು ಅವಳು, ಮೆಲ್ಲಗೆ, ರೋಗಿಯ ಕೈ ಹಿಡಿದು ನಾಡಿ ನೋಡುವವರ ಹಾಗೆ. “ಕೆಳಗಿಂದ ಇಲ್ಲಿತನಕ ನಾ ಕೇಳಿದ್ರೂ ಕೊಡಲಿಲ್ಲ. ಒಮ್ಮೆನೂ ಇಳಿಸಲಿಲ್ಲ.”

ನಾನು ಅವಳನ್ನು ನೋಡಿದೆ. ಕಲ್ಲನ್ನು ನೋಡಿದೆ. ಹೆಗಲು ಕುಣಿಸಿದೆ. ಹೊರೆ ಇನ್ನೂ ಅದರ ಮೇಲೆಯೇ ಇತ್ತು.